ತಿರುಗೋ ಪೆಟಗಿ

ಗುರಮಿಠಕಲ್ ದಾರಿಗೆ, ಹಳ್ಳದ ದಂಡಿಗೆ
ಗ್ವಾಡಿ ಎದ್ದಾವ, ನನಗಿಂತ ಒಂದು ಮಾರು ಎತ್ತರ.
ಸಾಲಿ ಅಲ್ಲ, ದವಾಖಾನಿ ಅಲ್ಲ.
ಮತ್ತೇನ್ರಿ ಅಂದ್ರ ಫಾದರ್ ಇನ್ನಾಸಪ್ಪ ಅಂದ್ರು:
"ಮಠ. ಒಳಗ ಹೋದ ಅಕ್ಕಗೋಳು ಹೊರಗ ಬರೂದಿಲ್ಲ."
ನಮ್ಮ ಕಡಿ ಮಠಕ್ಕೇನು ಬರಾ ಇಲ್ಲ,
ಇಂಥಾದ್ದು ಮಾತ್ರ ಕೇಳಿದ್ದಿಲ್ಲ.

ನನಗ ಕೆಲಸ ಒಂದೇ.
ಗ್ವಾಡ್ಯಾಗ ಕಿಂಡಿ, ಕಿಂಡ್ಯಾಗ ತಿರುಗೋ ಪೆಟಗಿ,
ಒಂದು ಮಗ್ಗಲ ಸೀಳಿದ ಡೋಲಿನಂಗ.
ಹೊರಗ ಹಾಲಿಟ್ಟು ತಿರುವಿದ್ರ ಒಳಗ ಹೋಗಬೇಕು;
ಇಟ್ಟವರ ಕೈ ಒಳಗಿನವರಿಗೆ ಕಾಣಬಾರದು,
ಒಳಗಿನವರ ಕೈ ನಮಗ.

ಮದರ್ ಅಗಸ್ತಾ, ಮಂಗಳೂರು ಕಡಿಯವರು.
"ಒಳ್ಳೆ ಮರ ಉಂಟಾ?"
ಉಂಟು ಅಂದ್ರ ನನಗ ಗಂಟು ಅಂದಂಗ ಕೇಳ್ತು.
"ಗಂಟಿಲ್ರಿ ತಾಯಿ, ಬೇವು ಅದ, ಚೊಕ್ಕ ಅದ" ಅಂದೆ.
ಅಳತಿಗೆ ದಾರದ ತುದಿ ತಾವೇ ಹಿಡಿದ್ರು.
ಆಗಿನ್ನೂ ಬಾಗಿಲಾ ಮುಚ್ಚಿದ್ದಿಲ್ಲ, ಮಾರಿ ನೋಡಬಹುದಿತ್ತು.
ಕನ್ನಡಕದ ಒಂದು ಕಾಲಿಗೆ ಬಿಳಿ ದಾರ ಸುತ್ತಿತ್ತು.

ಮನ್ಯಾಗ ದೇವಿಂದ್ರಮ್ಮ ಕೇಳಿದ್ಳು:
"ಕೀಲಿ ಯಾರು ಹಾಕ್ತಾರ?"
ಒಳಗಿಂದ ಅವರೇ.
"ಹಂಗಾರ ಚಲೋ" ಅಂದು ರೊಟ್ಟಿ ಬಡಿಯಾಕ ಹತ್ತಿದ್ಳು.
ಎಷ್ಟೋ ಹೊತ್ತಿನ ಮ್ಯಾಲ:
"ನನಗೂ ಒಂದು ದಿವಸ ಹಂಗ ಕೂಡಬೇಕು ಅನಸ್ತದ.
ಒಂದೇ ದಿವಸ."
ರೊಟ್ಟಿ ಸೀದಿತ್ತು. ಸುಮ್ಮನ ತಿಂದೆ.

ಅಚ್ಚಿಗೆ ಕಟಗಿ ಹುಡುಕಿದೆ.
ಹನ್ನೆರಡು ವರ್ಷಾತು, ಬಂಡಿ ಮಾಡಿಕೊಡು ಅಂತ
ಒಬ್ಬರೂ ಬಂದಿಲ್ಲ.
ಅಪ್ಪ ಕಡೀ ಬಂಡಿಗಂತ ಕೆತ್ತಿಟ್ಟ ಅಚ್ಚು
ಅಟ್ಟದ ಮ್ಯಾಲ ಹೊಗಿ ಕುಡದು ಕುಡದು
ಕಬ್ಬಿಣಾಗಿತ್ತು.
ಅಡ್ಡ ಮಲಗಿ ಊರೂರು ತಿರುಗಬೇಕಾದದ್ದನ್ನ
ನೆಟ್ಟಗ ನಿಲ್ಲಿಸಿದೆ.
ಇದ್ದಲ್ಲೇ ತಿರುಗಾಕ ಹತ್ತಿತು.

ತೊಗರಿ ಹೂ ಬಿಟ್ಟ ವಾರ ಕಲಬುರಗಿಯಿಂದ ಬಿಷಪ್ ಬಂದ್ರು.
ಮೇಣಬತ್ತಿ ಗಾಳಿಗೆ ನಿಲ್ಲವೊಲ್ಲದು.
ಶಹಾಬಾದ ಹಾಸಗಲ್ಲಿನ ಮ್ಯಾಲ
ಐದು ಮಂದಿ ಬರಿಗಾಲಿಲೆ ನಡದ್ರು.
ಆ ಕಲ್ಲು ಹಾಸಿದ ರುಕ್ಮೋದ್ದೀನ್ ನನ್ನ ಬಾಜೂಕ ನಿಂತು
"ಆ ಮೂಲ್ಯಾಗ ಇಳಿ ಸರಿ ಬಂದಿಲ್ಲ, ನೀರು ನಿಂದರ್ತದ"
ಅಂತ ಕಿವ್ಯಾಗ ಅಂದ. ಅವಗ ಅದೇ ಚಿಂತಿ.
ಎಲ್ಲರಿಗಿಂತ ಸಣ್ಣಾಕಿ, ಝಾರ್ಖಂಡದಾಕಿ,
ಇಪ್ಪತ್ತೆರಡು ಇದ್ದೀತೋ ಇಲ್ಲೋ,
ಹೊಸ್ತಿಲದಾಗ ಒಮ್ಮೆ ತಿರುಗಿದ್ಳು.
ನಮ್ಮನ್ನ ನೋಡಲಿಲ್ಲ. ಹಳ್ಳದಾಚಿ ಹಳದಿ ನೋಡಿದ್ಳು.
ಬಾಗಿಲಾ ಮುಚ್ಚಿತು.
ಅದು ನನ್ನ ಕೈದಲ್ಲ, ಹೈದರಾಬಾದದ್ದು,
ಸಪ್ಪಳಿಲ್ಲದ ಮುಚ್ಚಿತು.

ಒದರಿದ್ದು ನನ್ನ ಪೆಟಗಿ.
ಮೊದಲನೇ ಹಾಲಿಗೇ ಕಿರ್ ಅಂತು, ಮಂದಿ ನಕ್ಕರು.

ಮರುದಿವಸ ಔಡಲೆಣ್ಣಿ ಶೀಶೆ ಹಿಡಕೊಂಡು ಹೋದೆ,
ಗಂಟಿ ಜಗ್ಗಿದೆ.
"ತಾಯಿ, ನಾ ಮೋನಪ್ಪ, ಬಡಿಗ್ಯಾ. ಅಚ್ಚು ಒದರತದ, ಎಣ್ಣಿ ಬಿಡತೀನಿ."
ಒಳಗ ಏನೂ ಇಲ್ಲ.
ಮನಿದೇವ್ರು ತಿಂಥಣಿ ಮೋನಪ್ಪ, ಅವನ ಹೆಸರೇ ನನಗ,
ಹೆಸರಿನ ತುಂಬ ಮೌನ.
ಹುಟ್ಟಿದಾಗಿಂದ ಬಾಚಿ, ಗರಗಸ, ಉಳಿ.
ಈ ಹೆಸರು ಹ್ಯಾಂಗ ಕೇಳ್ತದ ಅಂತ
ಐವತ್ತೆಂಟಕ್ಕ ಆ ಕಿಂಡಿ ಮುಂದ ನಿಂತು ಕೇಳಿದೆ.
ಒಂದು ಗುಬ್ಬಿ ಇತ್ತು, ಅಷ್ಟ.

ಆಮ್ಯಾಲ ದನಿ, ಮಾರಿ ಇಲ್ಲದ ದನಿ:
"ಬೇಡ ಮೋನಪ್ಪನವರೇ, ಇರಲಿ.
ಯಾರೋ ಬಂದಿದ್ದಾರೆ ಅಂತ ನಮಗೂ ಗೊತ್ತಾಗಬೇಕಲ್ಲ."

ಪೆಟಗಿ ತಿರುಗಿತು,
ಅಪ್ಪ ಏರು ಹತ್ತಿ ಬರುವಾಗ ಬಂಡಿ ಒದರತಿತ್ತಲ್ಲ, ಹಂಗ.
ಸ್ಟೀಲ್ ಲೋಟದಾಗ ಮಜ್ಜಿಗಿ.
ಉಪ್ಪು ಮರತಿದ್ರು.

ಕುಡದು ಲೋಟ ಒಳಗಿಟ್ಟೆ,
ಎಣ್ಣಿ ಶೀಶೆನೂ ಇಟ್ಟೆ.
ಒಳಗ ಬ್ಯಾರೆ ಕದ ಇರ್ತಾವ.